ಬೆಳಗಾದ ಮೇಲೆ ಗೆದ್ದವರಾರು?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆ ಎರೆಭೂಮಿಯ ಸೀಮೆ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜೆ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಹೊಲಗಳ ಅಂಚು ಹಿಡಿದು ಸಾಗುತ್ತದೆ. ಕೊಳಕೂರವೇ ಮೊದಲಾದ ಇಲ್ಲಿಯ ಹಳ್ಳಿಗಳಲ್ಲಿ ಬಿಳಿಜೋಳ, ತೊಗರಿ ಬೆಳೆದು ಬದುಕುವ ಜನಕ್ಕೆ ಪಂದ್ಯವೆಂಬುದು ಪಟ್ಟಣದಿಂದ ಬಂದ ಪದಾರ್ಥವಲ್ಲ. ಜಾತ್ರೆ ಬಂದಿತೆಂದರೆ ಕುಸ್ತಿಯ ಕಣ ಸಿದ್ಧವಾಗುತ್ತದೆ. ಭಾರವಾದ ಗುಂಡುಕಲ್ಲುಗಳನ್ನು ಎತ್ತಿ ಹೆಗಲ ಮೇಲಿಂದ ಒಗೆಯುವ ಪಂದ್ಯ ನಡೆಯುತ್ತದೆ. ಗೆದ್ದವನಿಗೆ ಬೆಳ್ಳಿಯ ಕಡಗ, ಊರ ತುಂಬ ಮೆರವಣಿಗೆ. ಸೋತವನಿಗೆ ಮುಂದಿನ ವರ್ಷದ ಜಾತ್ರೆ. ಇದು ಉತ್ತರ ಕರ್ನಾಟಕದ ಉದ್ದಗಲಕ್ಕೂ ಕಾಣುವ ನೋಟ.

ಈ ಪಂದ್ಯಗಳ ನಡುವೆ ವಿಲಕ್ಷಣವಾದ ಪಂದ್ಯವೊಂದುಂಟು. ಅದು ಹಾಡಿನ ಪಂದ್ಯ. ಹರದೇಶಿ-ನಾಗೇಶಿ ಎಂದು ಅದರ ಹೆಸರು. ಒಂದು ಮೇಳದವರು ಹರದೇಶಿಯವರು. ಗಂಡೇ ಹೆಚ್ಚು, ಶಿವನೇ ಮೊದಲು ಎಂಬುದು ಅವರ ವಾದ. ಇನ್ನೊಂದು ಮೇಳದವರು ನಾಗೇಶಿಯವರು. ಹೆಣ್ಣೇ ಹೆಚ್ಚು, ಶಕ್ತಿಯಿಲ್ಲದೆ ಶಿವನಿಲ್ಲ ಎಂಬುದು ಇವರ ವಾದ. ಒಬ್ಬರ ಕೈಯಲ್ಲಿ ದಪ್ಪು, ಮತ್ತೊಬ್ಬರ ಕೈಯಲ್ಲಿ ತುಂತುಣಿ, ಇನ್ನೊಬ್ಬರ ಕೈಯಲ್ಲಿ ತಾಳ. ಮುಂದಾಳು ಪದವನ್ನೆತ್ತಿದೊಡನೆ ಹಿಮ್ಮೇಳದವರು ‘ಗೀ ಗೀ’ ಎಂದು ದನಿಗೂಡಿಸುತ್ತಾರೆ. ಅದರಿಂದಲೇ ಇದಕ್ಕೆ ಗೀಗೀ ಪದವೆಂಬ ಹೆಸರು ಬಂದಿದೆ. ಒಂದು ಮೇಳ ಪುರಾಣದೊಳಗಿನ ಗಂಟೊಂದನ್ನು ಸವಾಲಾಗಿ ಒಡ್ಡುತ್ತದೆ. ಎದುರು ಮೇಳ ಆ ಗಂಟನ್ನು ಬಿಚ್ಚಿ, ಅದಕ್ಕಿಂತ ಬಿಗಿಯಾದ ಮತ್ತೊಂದನ್ನು ಕಟ್ಟಿ ಎಸೆಯುತ್ತದೆ. ಚೇಷ್ಟೆಯುಂಟು, ಚುಚ್ಚುಮಾತುಂಟು, ಒಮ್ಮೊಮ್ಮೆ ಕೇಳುವವರಿಗೇ ಎದೆ ಢವಗುಟ್ಟುವಷ್ಟು ಹುರುಡುಂಟು. ರಾತ್ರಿ ಕಳೆದಂತೆಲ್ಲ ವಾದ ಕಾವೇರುತ್ತದೆ. ಕಂಬಳಿ ಹೊದ್ದು ಕುಳಿತ ಜನ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಲೆದೂಗುತ್ತಾರೆ.

ಹೀಗೆ ಇರುಳೆಲ್ಲ ಕಾದಾಡಿದ ಮೇಲೆ ಮೂಡಲು ಕೆಂಪಾಗುವ ಹೊತ್ತಿಗೆ ಏನಾಗುತ್ತದೆ? ಗಂಡು ಹೆಚ್ಚೆಂದೂ ತೀರ್ಪಾಗುವುದಿಲ್ಲ, ಹೆಣ್ಣು ಹೆಚ್ಚೆಂದೂ ತೀರ್ಪಾಗುವುದಿಲ್ಲ. ಎರಡೂ ಒಂದಕ್ಕೊಂದು ಬೇಕು, ಒಂದಿಲ್ಲದೆ ಇನ್ನೊಂದಿಲ್ಲ ಎಂಬ ಸಮನ್ವಯಕ್ಕೆ ಬಂದು, ಮಂಗಳ ಹಾಡಿ ಮೇಳಗಳು ಏಳುತ್ತವೆ. ಈ ಎರಡು ಪಂಥಗಳಿಗೆ ಕಲ್ಗಿ, ತುರಾಯಿ ಎಂಬ ಹೆಸರುಗಳೂ ಇವೆ. ನಾಗೇಶಿಯವರದು ಕಲ್ಗಿ, ಹರದೇಶಿಯವರದು ತುರಾಯಿ. ಕಲ್ಗಿಯೂ ತುರಾಯಿಯೂ ಮುಂಡಾಸಿಗೆ ಸಿಕ್ಕಿಸುವ ಅಲಂಕಾರಗಳೆಂಬುದನ್ನು ನೆನೆದರೆ ಹೆಸರಿಟ್ಟವರ ಜಾಣತನ ಅರ್ಥವಾಗುತ್ತದೆ. ಒಂದೇ ಮುಂಡಾಸಿನ ಎರಡು ಒಡವೆಗಳಲ್ಲಿ ಯಾವುದು ಗೆದ್ದರೇನು?

ಬೆಳಗಾದ ಮೇಲೆ ಗೆದ್ದವರಾರು ಎಂಬ ಪ್ರಶ್ನೆಗೆ ಇಲ್ಲಿ ನೇರವಾದ ಉತ್ತರವಿಲ್ಲ. ಆದರೂ ಆ ಪಂದ್ಯ ವ್ಯರ್ಥವಾಯಿತೆಂದು ಯಾರೂ ಹೇಳುವುದಿಲ್ಲ. ಎದುರಾಳಿ ಇಲ್ಲದಿದ್ದರೆ ಹಾಡುಗಾರರು ಅಷ್ಟು ಪುರಾಣಗಳನ್ನು ಕಂಠಗತ ಮಾಡಿಕೊಳ್ಳುತ್ತಿರಲಿಲ್ಲ. ನಿಂತ ನಿಲುವಿನಲ್ಲಿ ಪದ ಕಟ್ಟುವ ಚಳಕ ಕುದುರುತ್ತಿರಲಿಲ್ಲ. ಅಕ್ಷರದ ಪರಿಚಯವಿಲ್ಲದ ಮುದುಕಿಯೊಬ್ಬಳಿಗೆ ಭಾರತ, ರಾಮಾಯಣಗಳ ಸೂಕ್ಷ್ಮ ಪ್ರಸಂಗಗಳು ಒಂದೇ ರಾತ್ರಿಯಲ್ಲಿ ಕಿವಿಗೆ ಬೀಳುತ್ತಿರಲಿಲ್ಲ. ಇಲ್ಲಿ ಸ್ಪರ್ಧೆಯುಂಟು, ಆದರೆ ಅದು ಹಾಡಿನ ಆಳಾಗಿ ದುಡಿಯುತ್ತದೆ, ಹಾಡಿನ ಒಡೆಯನಾಗಿ ಕೂಡುವುದಿಲ್ಲ. ಗೆಲುವನ್ನು ಕುರಿತ ವಿಚಾರವೆಲ್ಲ ಈ ಒಂದು ಭೇದದ ಮೇಲೆ ನಿಂತಿದೆ.

ಇಂದು ನಗರಗಳ ಮನೆಗಳಲ್ಲಿ ಈ ಭೇದ ಅಳಿಸಿಹೋಗುತ್ತಿರುವುದು ವಿಷಾದದ ಸಂಗತಿ. ಮಗುವಿಗೆ ಹಾಡು ಕಲಿಸುವುದು ಹಾಡಿನ ಸ್ಪರ್ಧೆಗಾಗಿ. ಚಿತ್ರ ಬರೆಸುವುದು ಚಿತ್ರದ ಸ್ಪರ್ಧೆಗಾಗಿ. ಶ್ಲೋಕ, ವಚನಗಳನ್ನು ಬಾಯಿಪಾಠ ಮಾಡಿಸುವುದು ಕಂಠಪಾಠದ ಸ್ಪರ್ಧೆಗಾಗಿ. ದೂರದರ್ಶಕದ ತೆರೆಯ ಮೇಲೆ ಎಂಟು ವರ್ಷದ ಕೂಸು ಹಾಡಿ ಮುಗಿಸಿ, ತೀರ್ಪುಗಾರರ ತುಟಿಯನ್ನೇ ದಿಟ್ಟಿಸಿ, ‘ಹೊರಹೋಗಬೇಕು’ ಎಂಬ ಮಾತು ಕೇಳಿ ಬಿಕ್ಕುವುದನ್ನು ಮನೆಮಂದಿಯೆಲ್ಲ ಕುಳಿತು ನೋಡುವುದು ಸಂಜೆಯ ವಿನೋದವಾಗಿದೆ. ಹಳ್ಳಿಗಳೂ ಈ ಗಾಳಿಯಿಂದ ದೂರ ಉಳಿದಿಲ್ಲ. ಇರುಳಿಡೀ ನಡೆಯಬೇಕಾದ ಭಜನೆ ಸ್ಪರ್ಧೆಯ ನಿಯಮಕ್ಕೆ ಒಳಪಟ್ಟಾಗ ಕೆಲವು ನಿಮಿಷಗಳಿಗೆ ಇಳಿಯುತ್ತದೆ. ಸ್ವರಕ್ಕಿಷ್ಟು, ತಾಳಕ್ಕಿಷ್ಟು, ಉಡುಪಿಗಿಷ್ಟು ಎಂದು ಅಂಕಗಳು ಹಂಚಿಕೆಯಾಗುತ್ತವೆ. ನಿಧಾನವಾಗಿ ಅರಳಬೇಕಾದ ಪದಕ್ಕೆ ಅಂಕವಿಲ್ಲ; ಆದುದರಿಂದ ಅದನ್ನು ಹಾಡುವವರೂ ಇಲ್ಲ. ಹಾಡಿಗಾಗಿ ಹುಟ್ಟಿದ ಸ್ಪರ್ಧೆ ಹೀಗೆ ಹಾಡನ್ನೇ ತನ್ನ ಅಳತೆಗೆ ಕತ್ತರಿಸುತ್ತದೆ.

ಬಹುಮಾನ ಮನಸ್ಸನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು ಪಾಶ್ಚಾತ್ಯ ವಿದ್ವಾಂಸರು ಪ್ರಯೋಗ ಮಾಡಿಯೇ ನೋಡಿದ್ದಾರೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಅಂಥ ಪ್ರಯೋಗವೊಂದರ ಫಲವನ್ನು ಪ್ರಕಟಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ, ಚಿತ್ರ ಬರೆಯುವುದೆಂದರೆ ತಾವಾಗಿಯೇ ಇಷ್ಟಪಡುತ್ತಿದ್ದ ಎಳೆಯ ಮಕ್ಕಳನ್ನು ಅವರು ಆರಿಸಿಕೊಂಡರು. ಮಕ್ಕಳನ್ನು ಮೂರು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ‘ಚಿತ್ರ ಬರೆದರೆ ಮುದ್ರೆಯೊತ್ತಿದ, ರಿಬ್ಬನ್ನು ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಮೊದಲೇನೂ ಹೇಳದೆ, ಚಿತ್ರ ಬರೆದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನನ್ನೂ ಹೇಳಲಿಲ್ಲ, ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ತರುವಾಯ ಕಾಗದ, ಬಣ್ಣಗಳನ್ನು ಸುಮ್ಮನೆ ಇರಿಸಿ, ಯಾವ ಮಗು ಎಷ್ಟು ಹೊತ್ತು ಚಿತ್ರದಲ್ಲಿ ತೊಡಗುತ್ತದೆಂದು ಮರೆಯಲ್ಲಿ ನಿಂತು ನೋಡಿದರು. ಬಹುಮಾನದ ಕರಾರಿನ ಮೇಲೆ ಚಿತ್ರ ಬರೆದಿದ್ದ ಮಕ್ಕಳು, ಉಳಿದೆರಡು ಗುಂಪುಗಳ ಮಕ್ಕಳಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದಲ್ಲಿ ತೊಡಗಿದ್ದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಆಸಕ್ತಿ ಕುಗ್ಗಿರಲಿಲ್ಲ. ದೋಷವಿದ್ದದ್ದು ಬಹುಮಾನದಲ್ಲಲ್ಲ, ಬಹುಮಾನಕ್ಕಾಗಿಯೇ ಬರೆಯಬೇಕೆಂಬ ಕರಾರಿನಲ್ಲಿ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಆಟವಾಗಿದ್ದುದು ಕೂಲಿಯಾಯಿತು, ಕೂಲಿ ನಿಂತೊಡನೆ ಕೆಲಸವೂ ನಿಂತಿತು.

ಈ ಮಾತಿಗೆ ದೂರದ ನಿದರ್ಶನಗಳೇ ಬೇಕೆಂದಿಲ್ಲ. ಕಲಬುರಗಿಗೆ ನೆರೆಯಾದ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರ ಬಳಗವೊಂದಿತ್ತು. ಆ ಬಳಗದ ಶ್ರಮದ ಫಲವಾಗಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹ ಬೆಳಕು ಕಂಡಿತು. ಅದರೊಳಗಿನ ತ್ರಿಪದಿಗಳನ್ನು ಕಟ್ಟಿದವರು ಯಾರು? ಕೋಳಿ ಕೂಗುವ ಮುನ್ನವೇ ಎದ್ದು, ಬೀಸುಕಲ್ಲಿನ ಮುಂದೆ ಕುಳಿತು, ಮನೆಮಂದಿಗೆಲ್ಲ ಸಾಲುವಷ್ಟು ಜೋಳ ಬೀಸುತ್ತಿದ್ದ ಹೆಣ್ಣುಮಕ್ಕಳು. ಅವರ ಹಾಡಿಗೆ ಸಭೆಯಿರಲಿಲ್ಲ, ತೀರ್ಪುಗಾರರಿರಲಿಲ್ಲ, ಚಪ್ಪಾಳೆಯಿರಲಿಲ್ಲ. ಕಲ್ಲಿನ ಗರಗರ ಸದ್ದೇ ಶ್ರುತಿ. ತವರಿನ ಹಂಬಲ, ಕೂಸಿನ ನಗೆ, ಅಗಲಿದ ಅಣ್ಣನ ನೆನಪು ಇವೆಲ್ಲ ಮೂರು ಸಾಲಿನೊಳಗೆ ಇಳಿದು, ಹಿಟ್ಟಿನ ಜೊತೆಗೆ ಬುಟ್ಟಿ ತುಂಬುತ್ತಿದ್ದವು. ಹಾಡಿದವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ಹಾಡಿಲ್ಲದಿದ್ದರೆ ಆ ಕತ್ತಲ ದುಡಿಮೆ ಬರಿಯ ದುಡಿಮೆಯಾಗಿ ಉಳಿಯುತ್ತಿತ್ತು. ಹಾಡು ಅವರಿಗೆ ಕೊಟ್ಟ ಫಲ ಹಾಡುವ ಗಳಿಗೆಯಲ್ಲಿಯೇ ಕೈಸೇರುತ್ತಿತ್ತು. ಅದಕ್ಕಾಗಿ ಯಾವ ಫಲಿತಾಂಶವನ್ನೂ ಕಾಯಬೇಕಾಗಿರಲಿಲ್ಲ.

ಕನ್ನಡಿಗರ ಈ ಸಹಜಶಕ್ತಿ ಹಳೆಯದು. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿಗೆ ಸೇರಿದ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಮೈದಳೆದ ‘ಕವಿರಾಜಮಾರ್ಗ’ವು, ಪಟ್ಟು ಹಿಡಿದು ಓದದವರೂ ಕಾವ್ಯದಲ್ಲಿ ನುರಿತಿರುವ ಜನರ ನಾಡು ಇದೆಂದು ಹೆಮ್ಮೆಯಿಂದ ಸಾರಿತು. ಅರಮನೆಯ ಗ್ರಂಥವೊಂದು ಪದವಿ, ಪುರಸ್ಕಾರಗಳಿಲ್ಲದ ಸಾಮಾನ್ಯ ಜನರಿಗೆ ಕೊಟ್ಟ ಈ ಮನ್ನಣೆ ಚಿಕ್ಕದಲ್ಲ.

ಅದೇ ಶಕ್ತಿ ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ಮತ್ತೊಂದು ರೂಪ ತಾಳಿತು. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಮಠದ ಕಟ್ಟೆಯಿಂದ ಹೊಲದ ಬದುವಿಗೆ, ಬದುವಿನಿಂದ ಊರೂರಿನ ಭಜನೆಗೆ ಹರಿದವು. ಅವರ ಶಿಷ್ಯಬಳಗದಲ್ಲಿ ಚನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು, ತೆಲಗಬಾಳ ರೇವಪ್ಪನವರಿದ್ದರು. ಜಾತಿ ಮತಗಳ ಗೆರೆ ಅಲ್ಲಿ ಅಳಿಸಿತ್ತು. ಒಬ್ಬರ ಪದವನ್ನು ಇನ್ನೊಬ್ಬರು ಹಾಡುತ್ತಿದ್ದರಲ್ಲದೆ, ಯಾರ ಪದ ಮೇಲೆಂಬ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಹೈದರಾಬಾದು ಸಂಸ್ಥಾನದ ಆಳ್ವಿಕೆಯಲ್ಲಿ ಈ ಭಾಗದ ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದುವಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಕೊನೆಗೊಂಡು, 1956ರ ನವೆಂಬರ್ 1ರಂದು ಈ ಜಿಲ್ಲೆ ಕನ್ನಡ ನಾಡಿನೊಡನೆ ಒಂದಾಗುವವರೆಗೆ, ಓದು ಬರಹ ಬಾರದ ರೈತಾಪಿ ಜನರ ನಾಲಗೆಯ ಮೇಲೆ ಕನ್ನಡದ ಗಹನವಾದ ವಿಚಾರಗಳು ಜೀವಂತವಾಗಿದ್ದುದರಲ್ಲಿ ಏಕತಾರಿ, ತಾಳಗಳ ಪಾಲು ಬಹು ದೊಡ್ಡದು. ಭಾಷೆಯನ್ನು ಉಳಿಸುತ್ತೇವೆಂಬ ಹಮ್ಮಿನಿಂದ ಅವರು ಹಾಡಲಿಲ್ಲ. ದಿನದ ದುಡಿಮೆ ಮುಗಿದ ಮೇಲೆ ಹಾಡದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ, ಆದಕಾರಣ ಹಾಡಿದರು. ಅವರು ಬಯಸದೆಯೇ ಅದರಿಂದ ನಾಡಿಗೆ ಲಾಭವಾಯಿತು.

ಇಷ್ಟೆಲ್ಲ ಕೇಳಿದವರು ಒಂದು ಆಕ್ಷೇಪವನ್ನೆತ್ತಬಹುದು. ಅದು ನ್ಯಾಯವಾದ ಆಕ್ಷೇಪವೂ ಹೌದು. ‘ಗೆಲುವು ಬೇಡ, ಬಹುಮಾನ ಬೇಡ’ ಎನ್ನುವುದು ಹೊಟ್ಟೆ ತುಂಬಿದವರ ವೇದಾಂತವಲ್ಲವೇ? ಒಣಬೇಸಾಯದ ಮನೆಯ ಹುಡುಗನೊಬ್ಬ ಕುಸ್ತಿಯಲ್ಲಿ ಗೆದ್ದರೆ ಅವನಿಗೊಂದು ನೌಕರಿ ದೊರಕಬಹುದು. ಪರೀಕ್ಷೆಯಲ್ಲಿ ಮುಂದೆ ನಿಂತ ಹುಡುಗಿಗೆ ವಿದ್ಯಾರ್ಥಿವೇತನ ದೊರೆತು, ಮದುವೆಯ ಮಾತು ನಾಲ್ಕು ವರ್ಷ ಮುಂದಕ್ಕೆ ಹೋಗಬಹುದು. ಅಂಥವರ ಮುಂದೆ ನಿಂತು ಫಲಾಪೇಕ್ಷೆಯಿಲ್ಲದ ಕರ್ಮದ ಉಪದೇಶ ಮಾಡುವುದು ಕ್ರೂರವಾದೀತು. ಸೀಟುಗಳು ಕೆಲವೇ ಇದ್ದು, ಬೇಡುವ ಕೈಗಳು ಸಾವಿರವಿರುವಲ್ಲಿ ಸ್ಪರ್ಧೆಯನ್ನು ತಪ್ಪಿಸಲಾಗದು. ಮನೆತನ, ವಶೀಲಿಗಳ ಬಲದಿಂದ ಸೀಟು ಹಂಚುವುದಕ್ಕಿಂತ ಪರೀಕ್ಷೆಯಿಂದ ಹಂಚುವುದೇ ಎಷ್ಟೋ ಮೇಲು. ಗೆಲುವನ್ನು ಬಯಸುವುದರಲ್ಲಿ ಪಾಪವಿಲ್ಲ.

ಆದರೆ ಎಂಥ ಪಂದ್ಯದಲ್ಲಿಯೂ ಗೆಲ್ಲುವವನು ಒಬ್ಬ, ಉಳಿಯುವವರು ನೂರಾರು. ಆ ಒಬ್ಬನ ವಿಚಾರವನ್ನು ಪತ್ರಿಕೆಗಳು ನೋಡಿಕೊಳ್ಳುತ್ತವೆ. ನೂರಾರು ಜನರ ದುಡಿಮೆಗೆ ಅರ್ಥವೇನೆಂಬುದೇ ನಿಜವಾದ ಪ್ರಶ್ನೆ. ಬೆಳಗಾವಿಯ ಓಟಗಾರ ಫಡೆಪ್ಪ ದರೆಪ್ಪ ಚೌಗುಲೆಯವರ ಚರಿತ್ರೆ ಇಲ್ಲಿ ನೆನಪಾಗುತ್ತದೆ. ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡಾಕೂಟದಲ್ಲಿ ರೈತಾಪಿ ಹುಡುಗರು ಬರಿಗಾಲಿನಲ್ಲಿ ಓಡುವುದನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರು ಭಾರತದಿಂದ ಒಲಿಂಪಿಕ್ಸಿಗೆ ತಂಡವೊಂದನ್ನು ಕಳುಹಿಸಲು ಮುಂದಾದರು. 1920ರಲ್ಲಿ ಬೆಲ್ಜಿಯಮ್ ದೇಶದ ಆಂಟ್‌ವರ್ಪಿನಲ್ಲಿ ನಡೆದ ಆ ಕೂಟದ ಮ್ಯಾರಥಾನಿನಲ್ಲಿ ಚೌಗುಲೆಯವರು ಓಡಿದರು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ ಮೊದಲಿಗನಾದ. ನಲವತ್ತೆರಡು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸುಮಾರು ಎರಡು ಗಂಟೆ ಐವತ್ತು ನಿಮಿಷಗಳಲ್ಲಿ ಮುಗಿಸಿದ ಚೌಗುಲೆಯವರಿಗೆ ದೊರೆತದ್ದು 19ನೆಯ ಸ್ಥಾನ. ಪದಕದ ಪಟ್ಟಿಯನ್ನು ನೋಡುವವನಿಗೆ ಅಲ್ಲಿ ಏನೂ ಇಲ್ಲ. ಆದರೆ ಪರದೇಶದ ಹವೆಯಲ್ಲಿ, ಹಿಂದೆ ಅಂಥ ಕೂಟವನ್ನೇ ಕಾಣದ ನಾಡಿನಿಂದ ಹೋದ ಓಟಗಾರನೊಬ್ಬ ಆ ದಾರಿಯನ್ನು ಕೊನೆಯವರೆಗೆ ಓಡಿ ಮುಗಿಸಿದನೆಂಬುದು ಯಾವ ಲೆಕ್ಕಕ್ಕೂ ಬಾರದ ಸಂಗತಿಯೇ? ಗೆಲ್ಲುವುದಕ್ಕಿಂತ ಪಾಲುಗೊಳ್ಳುವುದು ಮುಖ್ಯವೆಂದು 1908ರ ಲಂಡನ್ ಕೂಟದ ಹೊತ್ತಿನಲ್ಲಿ ಪಾದ್ರಿಯೊಬ್ಬರು ಆಡಿದ ಮಾತನ್ನು ಒಲಿಂಪಿಕ್ಸಿನ ಪ್ರವರ್ತಕರಾದ ಕೂಬರ್ತೆಯವರು ಎತ್ತಿ ಹಿಡಿದರು. ಸೋತವರನ್ನು ಸಂತೈಸುವ ಮಾತೆಂದು ಅದನ್ನು ಜನ ತಿಳಿಯುವುದುಂಟು. ಚೌಗುಲೆಯವರಂಥವರ ಓಟವನ್ನು ನೆನೆದಾಗ ಅದು ಸಂತೈಕೆಯಲ್ಲ, ಸತ್ಯವೆಂದು ಮನವರಿಕೆಯಾಗುತ್ತದೆ.

ಗೆಲುವಿನ ಹಂಬಲಕ್ಕೆ ಸಾಕೆಂಬ ಎಲ್ಲೆಯಿಲ್ಲದಿರುವುದು ಅದರ ಇನ್ನೊಂದು ದೋಷ. ಶಾಲೆಗೆ ಮೊದಲಿಗನಾದವನು ತಾಲೂಕಿಗೆ ಮೊದಲಿಗನಾಗಬೇಕು. ತಾಲೂಕಿಗೆ ಆದವನು ಜಿಲ್ಲೆಗೆ ಆಗಬೇಕು. ಏಣಿಯ ಪ್ರತಿಯೊಂದು ಮೆಟ್ಟಿಲೂ ಮೇಲಿನ ಮೆಟ್ಟಿಲಿಗಾಗಿ ಇದೆಯೇ ಹೊರತು ನಿಲ್ಲುವುದಕ್ಕಾಗಿ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದಕ್ಕೆ ಮದ್ದು ಹೇಳಿದ ದಂಪತಿಗಳಿದ್ದರು. ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕ ಮಾಡುತ್ತಿದ್ದರು. ಆಯ್ದಕ್ಕಿ ಎಂಬುದು ಅವರ ಹೆಸರಿಗೇ ಸೇರಿತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದಾಗ ಮಡದಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ಆಸೆ ಶಿವಭಕ್ತರಿಗೆ ತರವೇ ಎಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರೆಂದು ಶರಣರ ಕಥೆ ಹೇಳುತ್ತದೆ. ಹೆಚ್ಚು ತಂದವನನ್ನು ಹೊಗಳುವ ಹೆಂಡತಿಯರು, ಹೆಚ್ಚು ಅಂಕ ತಂದವನನ್ನು ಹೊಗಳುವ ತಂದೆತಾಯಿಗಳು ಎಲ್ಲ ಕಾಲದಲ್ಲಿಯೂ ಇದ್ದಾರೆ. ಕಾಯಕದ ಬೆಲೆ ತಂದ ಅಕ್ಕಿಯ ಅಳತೆಯಲ್ಲಿಲ್ಲ, ಅದನ್ನು ಆಯ್ದ ಮನಸ್ಸಿನಲ್ಲಿದೆ ಎಂದು ಹೇಳಬಲ್ಲ ಲಕ್ಕಮ್ಮನವರು ಎಲ್ಲ ಮನೆಗಳಲ್ಲಿಯೂ ದೊರೆಯುವುದಿಲ್ಲ. ಆ ದಂಪತಿಗಳು ಯಾರೊಡನೆಯೂ ಸ್ಪರ್ಧಿಸಲಿಲ್ಲ. ಎಂಟುನೂರು ವರ್ಷಗಳಿಗೂ ಮಿಕ್ಕು ಅವರ ಹೆಸರು ಉಳಿದಿದೆ.

ಹಾಗೆಂದ ಮಾತ್ರಕ್ಕೆ ಪಟ್ಟಣದ ಗೃಹಸ್ಥರು ಮಕ್ಕಳನ್ನು ಸ್ಪರ್ಧೆಗಳಿಂದ ಬಿಡಿಸಿ ಮನೆಯಲ್ಲಿ ಕೂರಿಸಬೇಕಾಗಿಲ್ಲ. ಹರದೇಶಿ-ನಾಗೇಶಿಯವರು ಕಲಿಸುವ ಪಾಠ ಅದಲ್ಲ. ಕಣಕ್ಕಿಳಿಯಲಿ, ಹುರುಡಿನಿಂದ ಹಾಡಲಿ, ಎದುರಾಳಿಯಿಂದ ಹೊಸದನ್ನು ಕಲಿಯಲಿ. ಮನೆಗೆ ಮರಳಿದ ಮಗುವನ್ನು ‘ಎಷ್ಟನೆಯ ಸ್ಥಾನ?’ ಎಂದು ಕೇಳುವ ಮೊದಲು, ‘ಇವತ್ತು ಯಾರ ಹಾಡು ನಿನಗೆ ಬಲು ಹಿಡಿಸಿತು?’ ಎಂದು ಕೇಳಬಹುದು. ತನಗಿಂತ ಚೆನ್ನಾಗಿ ಹಾಡಿದವರ ಹೆಸರನ್ನು ಸಂತೋಷದಿಂದ ಹೇಳಬಲ್ಲ ಮಗು, ಕೈಯಲ್ಲಿ ಬಟ್ಟಲಿಲ್ಲದಿದ್ದರೂ ಬರಿಗೈಯಲ್ಲಿ ಬಂದಿಲ್ಲ. ವಾರಕ್ಕೊಂದು ಸಂಜೆಯಾದರೂ ಯಾವ ಸ್ಪರ್ಧೆಗೂ ಸೇರದ ಹಾಡು, ಯಾರಿಗೂ ತೋರಿಸಬೇಕಾಗಿಲ್ಲದ ಚಿತ್ರ ಮನೆಯೊಳಗೆ ಹುಟ್ಟಲಿ. ಅಂಥ ಹಾಡಿಗೆ ಅಜ್ಜಿಯೊಬ್ಬಳು ತಾಳ ಹಾಕಿದರೆ ಸಾಕು, ಸಭೆ ತುಂಬಿದಂತೆ.

ಇದೆಲ್ಲಕ್ಕೂ ಪರೀಕ್ಷೆಯೊಂದುಂಟು. ಅದರ ಫಲ ತಿಳಿಯುವುದು ಸ್ಪರ್ಧೆಯ ದಿನವಲ್ಲ, ಮರುದಿನ. ಬಹುಮಾನದ ಬಟ್ಟಲು ಗಾಜಿನ ಕಪಾಟು ಸೇರಿದ ಮೇಲೆ, ಅಥವಾ ಬಟ್ಟಲೇ ದೊರೆಯದೆ ಮನೆಯಲ್ಲಿ ಮಂಕು ಕವಿದ ಮೇಲೆ, ಯಾರೂ ಹೇಳದೆ, ಯಾರೂ ಕೇಳದೆ, ಮಗು ತಾನಾಗಿಯೇ ಹೋಗಿ ಹಾರ್ಮೋನಿಯಮ್ಮಿನ ಮುಂದೆ ಕುಳಿತುಕೊಳ್ಳುವುದೇ? ಕುಳಿತುಕೊಂಡರೆ ತಂದೆತಾಯಿಗಳು ನಿಶ್ಚಿಂತರಾಗಿರಬಹುದು. ಕುಳಿತುಕೊಳ್ಳದಿದ್ದರೆ, ಮೊದಲ ಬಹುಮಾನವೇ ಬಂದಿದ್ದರೂ, ಆ ಮನೆಯಲ್ಲಿ ಏನೋ ಒಂದು ಕಳೆದುಹೋಗಿದೆಯೆಂದು ತಿಳಿದು ಅದನ್ನು ಹುಡುಕತಕ್ಕದ್ದು.